ಚಾಪೆ ತಟ್ಟಬೇಡ

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮೂರ ಮೇಯರ್ ಅವರೇ, ಇಂದಿನ ಸನ್ಮಾನಿತೆಯೂ ನನ್ನ ತಮ್ಮನ ಮಗಳೂ ಆದ ಚಿಗುಸಾ, ಅವಳ ಬ್ಯಾಂಡಿನ ಗೆಳೆಯರೇ, ಚಪ್ಪಲಿ ಬಿಚ್ಚಿಟ್ಟು ಶಿಸ್ತಾಗಿ ಕುಳಿತಿರುವ ಸಭಿಕರೇ,

ಇಸೊಗಾಯಿ ಜೂಡೋ ಶಾಲೆಯ ಪರವಾಗಿ ಎರಡು ಒಳ್ಳೆಯ ಮಾತು ಆಡಿ ಎಂದು ಕರೆದಿದ್ದೀರಿ. ಒಳ್ಳೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಈ ಹುಡುಗಿಯ ಹಾಡನ್ನು ಇವತ್ತು ಜಪಾನೆಲ್ಲ ಕೇಳುತ್ತಿದೆ. ಮೆಟಲ್ ಸಂಗೀತ ಬರೀ ಗದ್ದಲ ಎನ್ನುವ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದೀರಿ. ಮಕ್ಕಳು ದಬದಬ ಬೀಳುವ ಸದ್ದಿನಲ್ಲೇ ಆಯಸ್ಸು ಕಳೆದ ನನಗೆ ಆ ಡ್ರಮ್ಮು ಜೋಗುಳ. ಹಾಡಿನಲ್ಲಿ ಬಿದ್ದವಳು ಏಳುತ್ತಾಳೆ, ಮತ್ತೆ ಬೀಳುತ್ತಾಳೆ, ಮತ್ತೆ ಏಳುತ್ತಾಳೆ. ಚೆನ್ನಾಗಿದೆ. ಆದರೆ ಆ ಕೊನೆಯ ಕೂಗು? 'ಚಾಪೆ ತಟ್ಟಬೇಡ!' ಅದು ಯಾರ ಮಾತು?

ಈ ಜೂಡೋ ಶಾಲೆ ಕಟ್ಟಿದ ನಮ್ಮಪ್ಪನ ಮಾತು. ಅಗೋ, ನೀವು ಹೂವಿಟ್ಟಿರುವ ಫೋಟೋದಲ್ಲಿದ್ದಾರೆ. ಜೂಡೋದಲ್ಲಿ ಎದುರಾಳಿ ಕೈ ತಿರುಚಿದಾಗ, ಕತ್ತು ಅಮುಕಿದಾಗ, ಇನ್ನು ಆಗದು ಅನ್ನಿಸಿದರೆ ಚಾಪೆಯನ್ನು ಎರಡು ಸಲ ತಟ್ಟುತ್ತೇವೆ. ತಟ್ಟಿದ ಕ್ಷಣ ಅವನು ಹಿಡಿತ ಬಿಡಲೇಬೇಕು. ಬೀಳುವುದನ್ನು ಕಲಿಸುವ ದಿನವೇ ನಾನು ಮಕ್ಕಳಿಗೆ ಇದನ್ನೂ ಕಲಿಸುತ್ತೇನೆ. ನನ್ನ ತಮ್ಮ ಯಾಸುತೋಗೂ ಗೊತ್ತಿತ್ತು. ಹೈಸ್ಕೂಲಿನ ಪಂದ್ಯದಲ್ಲಿ ಅವನ ಎಡ ಮೊಣಕೈ ಸಿಕ್ಕಿಬಿತ್ತು. ತಟ್ಟಲು ಬಲಗೈ ಎತ್ತಿದ. "ತಟ್ಟಿದ್ರೆ ಮನೆಗೆ ಬರಬೇಡ ಕಣೋ!" ಅಂತ ಅಪ್ಪ ಕಿರುಚಿದರು. ಎತ್ತಿದ ಕೈ ಹಾಗೇ ನಿಂತಿತು. ಮೂಳೆ ಮುರಿದ ಸದ್ದು ನಾನು ಕುಳಿತಲ್ಲಿಗೇ ಕೇಳಿತು.

ಅಂದೇ ಸಂಜೆ ಅಪ್ಪ ಎಲ್ಲರಿಗೂ ಮದ್ಯ ಬಗ್ಗಿಸಿಕೊಟ್ಟರು. "ಕೈ ಮುರೀತು, ಮಗ ಸೋಲಲಿಲ್ಲ" ಅಂದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಹೌದು ಮೇಯರ್ ಅವರೇ, ಆಗ ಇನ್ನೂ ಮೇಯರ್ ಆಗಿರದ ನೀವೂ ಹೊಡೆದಿರಿ. ಇವತ್ತಿಗೂ ಯಾಸುತೋಗೆ ನಮ್ಮೆಲ್ಲರ ಹಾಗೆ ಎಡಗೈಯಲ್ಲಿ ಅನ್ನದ ಬಟ್ಟಲು ಬಾಯಿಯ ಹತ್ತಿರ ಎತ್ತಿ ಹಿಡಿಯಲಾಗುವುದಿಲ್ಲ, ಮೇಜಿಗೇ ಬಾಗಿ ತಿನ್ನುತ್ತಾನೆ. "ನಾಯಿ ತಿಂದಹಾಗೆ ತಿನ್ನಬೇಡ" ಎಂದು ಬೈದವರೂ ಅಪ್ಪನೇ! ಅವರು ಸತ್ತ ದಿನ ನನಗೆ ಅಳು ಬರಲಿಲ್ಲ. ಇರಲಿ, ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ಚಿಗುಸಾಳ ಗಂಟಲಿನಿಂದ ರಕ್ತ ಬರುತ್ತಿದೆ. ಇನ್ನೊಮ್ಮೆ ಕಿರುಚಿದರೆ ದನಿಯೇ ಹೋದೀತು ಎಂದಿದ್ದಾರೆ ಡಾಕ್ಟರು. ಅದು ಗೊತ್ತಿದ್ದೂ "ಊರಿಗೋಸ್ಕರ ಒಂದೇ ಒಂದು ಹಾಡಮ್ಮಾ" ಅಂದವರು ಯಾರು? ನಮ್ಮ ಅಧ್ಯಕ್ಷರು. ನಾನು ಪರದೆಯ ಹಿಂದೆ ಬೇಡವೆಂದು ಗೋಗರೆದೆ. ಕೂಸು ಗೊಗ್ಗರು ದನಿಯಲ್ಲಿ ಏನಂದಿತು ಗೊತ್ತೇ? "ಅತ್ತೆ, ಅಜ್ಜನ ಫೋಟೋ ಮುಂದೆ ನಿಂತ್ಕೊಂಡು ಆಗಲ್ಲ ಅನ್ನೋಕಾಗುತ್ತಾ?"

ಯಾಕಾಗಲ್ಲ? ಯಾಕಾಗಲ್ಲ ಅಂತ ಕೇಳುತ್ತಿದ್ದೇನೆ! ಒಂದು ಮನೆಯಲ್ಲಿ ಎಷ್ಟು ಜನ ಮುರಿಯಬೇಕು ನಿಮಗೆ?

ಚಿಗುಸಾ, ಅಜ್ಜನನ್ನು ನೋಡಬೇಡ. ಕೊನೇ ಸಾಲಿನಲ್ಲಿ ನಿನ್ನಪ್ಪ ಎದ್ದು ನಿಂತಿದ್ದಾನೆ, ಅವನನ್ನು ನೋಡು. ಬಲಗೈ ಎತ್ತಿದ್ದಾನೆ, ಕಾಣಿಸಿತಾ? ನೀನು ಬಾಯಿ ಬಿಡಬೇಕಿಲ್ಲ ಮಗಳೇ. ನಿನ್ನ ಮುಂದೆ ಮೇಜಿದೆ.

ಕೇಳಿಸಿತು. ಎರಡು ಸಲ. ಸಭಿಕರೇ, ನಿಮಗೂ ಕೇಳಿಸಿತಲ್ಲ?

ಮೇಯರ್ ಅವರೇ, ತಟ್ಟಿದ ಮೇಲೆ ಬಿಡಬೇಕು. ಮೈಕು ಅವಳ ಮುಂದಿನಿಂದ ತೆಗೆಯಿರಿ.

ಇವತ್ತು ಹಾಡಿಲ್ಲ. ಹೊರಗೆ ಚಹಾ ಇದೆ, ಕುಡಿದುಕೊಂಡು ಹೋಗಿ. ಮುದುಕಿಯ ಸಿಟ್ಟನ್ನು ಕೂತು ಕೇಳಿದ್ದಕ್ಕೆ ಉಪಕಾರವಾಯಿತು. ನಮಸ್ಕಾರ.