ಕೋಲಿನ ಕಾಲು

ಜಪಾನಿನ ಶಿಕೊಕು ದ್ವೀಪದ ಮೂಳೆ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಕಿನುಕೊಳ ಕಿವಿಗೆ ಪಕ್ಕದ ಮುದಿ ದಂಪತಿಯ ಮಾತು ಬಿತ್ತು.

“ಎಂಬತ್ತೆಂಟು ಗುಡಿಯ ಯಾತ್ರೆ, ಐವತ್ತು ದಿನ. ನಡೆದೇ ಮುಗಿಸೋಣ, ವಕಾಯೆ.”

“ನಿಮಗೆ ಎಪ್ಪತ್ತಾರು ರೀ. ನನ್ನ ಮಂಡಿ ನೋಡಿದ್ರೆ ಹಿಂಗೆ.”

“ಕೈಲಿ ಯಾತ್ರೆ ಕೋಲಿರುತ್ತಲ್ಲೇ! ಅದು ಸಾಕ್ಷಾತ್ ಈ ಯಾತ್ರೆಯ ಮೂಲ ಗುರುಗಳೇ, ನಮ್ಮ ಜೊತೆಗೇ ನಡೀತಾರೆ.”

“ದಿನಾ ಸಂಜೆ ಛತ್ರ ಸೇರಿದ ಕೂಡ್ಲೇ ಮೊದ್ಲು ಗುರುಗಳ ಪಾದ ಅಂತ ಆ ಕೋಲಿನ ಕಾಲು ತೊಳೀಬೇಕು, ಗೊತ್ತಾ?”

“ತೊಳೀತೀನಿ.”

“ಐವತ್ತು ವರ್ಷದಲ್ಲಿ ಒಂದು ಚಹಾ ಲೋಟ ತೊಳೆದವರಲ್ಲ!”

“ಗುರುಸೇವೆ ಬೇರೆ ಕಣೇ.”

ಒಳಗಿನಿಂದ ವಕಾಯೆಯನ್ನು ಕೂಗಿದರು. ಅವಳು ಗೋಡೆ ಹಿಡಿದು ಎದ್ದು, ಕೆಸರು ಮೆತ್ತಿದ ತನ್ನ ಊರುಗೋಲನ್ನು ಗಂಡನ ಮಡಿಲಲ್ಲಿಟ್ಟಳು.

“ನಾನೂ ನಡೀಬಹುದಾ ಅಂತ ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ. ಅಷ್ಟರಲ್ಲಿ ಇದರ ಕಾಲು ತೊಳೆದಿಡಿ.”

ಬಾಗಿಲು ಮುಚ್ಚಿತು. ಮುದುಕ ಕೋಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿನುಕೊಳತ್ತ ತಿರುಗಿದ.

“ತಾಯೀ, ಇಲ್ಲಿ ನಲ್ಲಿ ಎಲ್ಲಿದೆ?”