ಕಳುವಾಗದ ಸ್ನೇರ್ ಡ್ರಮ್

ಠಾಣೆಯ ಪಡಸಾಲೆಯಲ್ಲಿ ನೆರೆದ ಮಹಾಜನರೇ, ಬೆಂಚಿನ ಮೇಲೆ ಕುಂತ ಹಿರಿಯರೇ, ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತ ತಾಯಿಯೇ, ಕಿವಿಗೊಟ್ಟು ಕೇಳಬೇಕು! ಈ ಸಾಲನ್ನು ಹೇಳಿಕೆಯಲ್ಲಿ ಬರೆಯಲು ಬರುವುದಿಲ್ಲವೆಂದು ಹವಾಲ್ದಾರರು ಹೇಳಿದರು. ಹೋದ ಸಲ ಮಂದಿಯ ಮುಂದೆ ಕೂಗಿ ಹೇಳಿದ್ದು ಸುಳ್ಳಾಗಿರುವುದರಿಂದ ಈ ಸಲವೂ ನಾಲ್ಕು ಮಂದಿ ಕೇಳಲಿ ಎಂದು ನಾನು ಕೈಮುಗಿದದ್ದಕ್ಕೆ ಬರೆದುಕೊಂಡರು.

ನನ್ನ ಹೆಸರು ಫಕ್ಕೀರೇಶ ತಂದೆ ಗುತ್ತೆಪ್ಪ ಹಿತ್ತಲಮನಿ, ವಯಸ್ಸು 34, ಉದ್ಯೋಗ ಹಗಲು ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವುದು, ಉಳಿದ ವೇಳೆ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವುದು, ಸಾ: ಹಾನಗಲ್ಲ. ಕಳೆದ ಬುಧವಾರ ಇದೇ ಠಾಣೆಯಲ್ಲಿ ನಾನು ಕೊಟ್ಟ ಫಿರ್ಯಾದಿನ ಬಗ್ಗೆ ಇಂದು ನಾನಾಗಿಯೇ ಬಂದು ಬರೆಸುವುದೇನೆಂದರೆ, ಸವಣೂರಿನ ಟಾಟಾ ಏಸ್ ಗಾಡಿಯ ಮಾಲೀಕ ಜಾಹೀದ ನನ್ನ ಸ್ನೇರ್ ಡ್ರಮ್ ಕದ್ದಿಲ್ಲ. ಯಾರೂ ಕದ್ದಿಲ್ಲ.

ನನ್ನ ತಂದೆ ನಾಟಕ ಕಂಪನಿಯಲ್ಲಿ ರಾಜಾಪಾರ್ಟಿನವರು. ನಾನು ಪರದೆಯ ಹಿಂದೆ ಬೆಳೆದವನು. ನನ್ನ ಗಂಟಲು ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟುತ್ತದೆ. ಇದನ್ನು ಹೆಮ್ಮೆಗೆ ಬರೆಸುತ್ತಿಲ್ಲ, ಪ್ರಕರಣಕ್ಕೆ ಬೇಕಾಗಿ ಬರೆಸುತ್ತಿದ್ದೇನೆ.

ನಮ್ಮ ಬ್ಯಾಂಡಿನಲ್ಲಿ ಹಾಡುವವಳು ದುಂಡಸಿಯ ಸಮತಾ. ಬೇಸ್ ಗಿಟಾರ್ ನನ್ನ ಸೋದರಮಾವನ ಮಗ ಪ್ರಶಾಂತನದು. ಗಿಟಾರಿನವನು ಬೆನ್ನಿಗೆ ಚೀಲ ಹಾಕಿಕೊಂಡು ಬೈಕು ಹತ್ತಿ ಹೋಗಬಹುದು. ಡ್ರಮ್ಮಿನವನ ಬಾಳು ಹಾಗಲ್ಲ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಅದರ ಮೇಲಿನ ಮರಿ ಡ್ರಮ್ಮುಗಳು, ತಾಳದ ತಟ್ಟೆಗಳು, ಅವನ್ನು ನಿಲ್ಲಿಸುವ ಕಬ್ಬಿಣದ ಕಾಲುಗಳು, ಕೂಡುವ ಸ್ಟೂಲು. ಎಲ್ಲರೂ ಊಟಕ್ಕೆ ಕುಂತಾಗ ನಾನು ನಟ್ಟು ಬಿಚ್ಚುತ್ತಿರುತ್ತೇನೆ. ಇಷ್ಟರೊಳಗೆ ಜೀವ ಇರುವುದು ಸ್ನೇರಿನಲ್ಲಿ. ಅದು ಮೊಣಕಾಲುಗಳ ನಡುವೆ ನಿಲ್ಲುವ ಹಿತ್ತಾಳೆ ಮೈಯ ಸಣ್ಣ ಡ್ರಮ್. ಅಡಿಯಲ್ಲಿ ತಂತಿಯ ಜಾಲ ಇರುವುದರಿಂದ ಬಡಿದರೆ ಸಿಡಿಲಿನಂತೆ ಚಟಾರ್ ಎನ್ನುತ್ತದೆ. ಇವುಗಳನ್ನೆಲ್ಲ ಆರು ವರ್ಷದಿಂದ ಊರೂರಿಗೆ ಒಯ್ದವನು ಜಾಹೀದ. ತಾಳದ ತಟ್ಟೆಗೆ ಗೀರು ಬೀಳಬಾರದೆಂದು ತನ್ನ ಶಾಲು ಸುತ್ತಿಡುವವನು.

ದೊಡ್ಡ ಡ್ರಮ್ಮಿನ ಸದ್ದು ಗುಂಯ್‌ಗುಟ್ಟಬಾರದೆಂದು ಅದರೊಳಗೆ ಬಟ್ಟೆ ತುರುಕುವುದು ನಮ್ಮವರ ಪದ್ಧತಿ. ಬೇರೆಯವರು ದಿಂಬು ಇಡುತ್ತಾರೆ. ನಾನು ನಮ್ಮವ್ವ ಚೌಡವ್ವ ಹೊದೆಯಲೆಂದು ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಇಟ್ಟಿದ್ದೆ.

ದಿನಾಂಕ 2ರ ಭಾನುವಾರ ಗೊಟಗೋಡಿಯ ಬಯಲಿನಲ್ಲಿ ನಮ್ಮ ಕಾರ್ಯಕ್ರಮ ಇತ್ತು. ಸಂಜೆ ಮುಗಿಯುವ ಹೊತ್ತಿಗೆ ಮಳೆ ಹೊಡೆಯಿತು. ಕೇಳಲು ಬಂದವರೆಲ್ಲ ವೇದಿಕೆಯ ತಾಡಪತ್ರಿಯ ಕೆಳಗೆ ನುಗ್ಗಿದರು. ಅಷ್ಟು ಮಂದಿಯನ್ನು ಎದುರಿಗೆ ಕಂಡು ನಾನು ಸುಮ್ಮನಿರಲಾರದೆ, ರಾಜ್ಯ ಕಳೆದುಕೊಂಡ ದೊರೆಯ ಮಾತುಗಳನ್ನು ಶುರುಮಾಡಿದೆ. ಬಾಯಿ ದೊರೆಯದಾಗಿತ್ತು, ಕೈ ಸಾಮಾನು ಕಟ್ಟುತ್ತಿತ್ತು. ಚಪ್ಪಾಳೆ ಬಿತ್ತು. ಕೈ ಏನನ್ನು ಎಲ್ಲಿಟ್ಟಿತು ಎಂಬುದು ನನಗೆ ಗೊತ್ತಿಲ್ಲ. ಜಾಹೀದನೂ ಪ್ರಶಾಂತನೂ ಸೇರಿ ಗಾಡಿಗೆ ಹೇರಿದರು.

ಮಂಗಳವಾರ ಹಾನಗಲ್ಲಿನಲ್ಲಿ ತಾಲೀಮಿಗೆ ಬಿಚ್ಚಿದಾಗ ಸ್ನೇರಿನ ಚೀಲ ತೊಯ್ದು ಬರಿದಾಗಿತ್ತು. ಮರುದಿನ ನಾನು ಸವಣೂರಿಗೆ ಹೋದೆ. ಪೇಟೆಯಲ್ಲಿ ಉಸ್ಮಾನಸಾಬರ ಎಲೆ ಅಂಗಡಿಯ ಮುಂದೆ ಜಾಹೀದ ವೀಳ್ಯದೆಲೆಯ ಬುಟ್ಟಿ ಇಳಿಸುತ್ತಿದ್ದನು. ಉಸ್ಮಾನಸಾಬರ ಮಗಳು ತರನ್ನುಮಳನ್ನು ಅವನಿಗೆ ಕೊಡುವ ಮಾತು ನಡೆದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪೇಟೆಯ ನಡುವೆ ನಿಂತು, ಎಡಗೈ ಸೊಂಟಕ್ಕಿಟ್ಟು, ಎಲವೋ ದ್ರೋಹಿ, ಉಂಡ ಮನೆಗೆ ಕನ್ನ ಕೊರೆದವನೇ, ನನ್ನ ಎದೆಯ ಬಡಿತವನ್ನು ಎಲ್ಲಿ ಮಾರಿಬಂದೆ ಎಂದು ಗರ್ಜಿಸಿದೆ. ಆಚೆ ಬದಿಯ ಕ್ಷೌರದ ಅಂಗಡಿಯಲ್ಲಿ ಅರ್ಧ ಬೋಳಿಸಿಕೊಂಡವರೂ ಎದ್ದು ಬಂದರು.

ಜಾಹೀದನು, ಫಕ್ಕೀರಣ್ಣ, ನನಗ ಬಾರಿಸಾಕ ಬರೂದಿಲ್ಲ, ಮಾರೂ ಮನಶ್ಯಾ ನಾ ಅಲ್ಲ, ಗಾಡಿ ಹತ್ತಿ ನೋಡು, ಆದರ ಸಾವಕಾಶ ಮಾತಾಡು, ಇಲ್ಲಿ ನಮ್ಮ ಹಿರ್ಯಾರು ಕುಂತಾರ ಎಂದು ಹೇಳಿದನು. ಸಾವಕಾಶ ಎಂದದ್ದಕ್ಕೆ ನಾನು ದನಿಯನ್ನು ಇನ್ನೂ ಏರಿಸಿದೆ. ಉಸ್ಮಾನಸಾಬರು ಎಣಿಸುತ್ತಿದ್ದ ಎಲೆಗಳನ್ನು ಕೆಳಗಿಟ್ಟು ಒಳಗೆ ಹೋದರು. ನಾನು ಅಲ್ಲಿಂದ ನೇರವಾಗಿ ಠಾಣೆಗೆ ಬಂದು ಫಿರ್ಯಾದು ಕೊಟ್ಟೆ. ಅಂದಿನಿಂದ ಗಾಡಿ ಠಾಣೆಯ ಅಂಗಳದಲ್ಲಿದೆ. ಈ ಭಾನಗಡಿ ಮುಗಿಯೂ ತನಕಾ ಮದುವಿ ಮಾತು ಎತ್ತಬ್ಯಾಡ್ರಿ ಎಂದು ಉಸ್ಮಾನಸಾಬರು ಜಾಹೀದನ ತಾಯಿ ನಸೀರಾ ಇವರಿಗೆ ಹೇಳಿಕಳಿಸಿದ್ದಾರೆ.

ಮೊನ್ನೆ ಭಾನುವಾರ ಹಿರೇಕೆರೂರಿನ ಕಾರ್ಯಕ್ರಮಕ್ಕೆ ಸ್ನೇರ್ ಎರವಲು ತಂದೆ. ಬಾಡಿಗೆಯ ಬೇರೆ ಗಾಡಿಯಿಂದ ಸಾಮಾನು ಇಳಿಸುವಾಗ ಪ್ರಶಾಂತನು, ದೊಡ್ಡದು ಯಾಕೋ ಈ ಸಲ ಭಾಳ ಒಜ್ಜಿ ಆಗೇತಲ್ಲೋ ಎಂದನು. ಬಾರಿಸಿದಾಗ ಸಮತಾ ಹಿಂದೆ ತಿರುಗಿ, ಇದೇನೋ ಮಾರಾಯ, ನೆಲ್ಲು ತುಂಬಿದ ಚೀಲ ಬಡದಂಗ ಕೇಳತೈತಿ ಎಂದಳು. ಅದಕ್ಕೆ ನಾನು ಮೈಕ್ ಕಸಿದುಕೊಂಡು, ತಾಯಿ ಡ್ರಮ್ಮು ಕಳೆದುಹೋದ ಕಂದನಿಗಾಗಿ ಗದ್ಗದಿಸುತ್ತಿದೆ ಎಂದು ಮಂದಿಗೆ ಹೇಳಿದೆ. ಮಂದಿ ಮರುಗಿದರು. ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಕೆಯ ಹೆಸರು ಕೇಳಿಕೊಳ್ಳಲಿಲ್ಲ. ಆಕೆಗೂ ನಾನು ತಪ್ಪುಗಾರ.

ನಿನ್ನೆ ಸಂಜೆ ನಮ್ಮವ್ವ, ಥಂಡಿ ಬಿದ್ದೇತಿ, ನನ್ನ ಕೌದಿ ಕೊಡೋ, ನಿನ್ನ ನಗಾರಿಗೆ ಚಳಿ ಆಗೂದಿಲ್ಲ ಎಂದಳು. ಪ್ರಶಾಂತನೂ ಸಮತಾಳೂ ಮನೆಯಲ್ಲೇ ಇದ್ದರು. ನಾನು ದೊಡ್ಡ ಡ್ರಮ್ಮಿನ ಮುಂದಿನ ಹೊದಿಕೆಯ ತಿರುಪುಗಳನ್ನು ಬಿಚ್ಚಿ ಕೌದಿ ಎಳೆದೆ. ಅದು ಬರಲಿಲ್ಲ. ಜೋರಾಗಿ ಎಳೆದಾಗ ಅದರ ಮಡಿಕೆಯಿಂದ ಸ್ನೇರ್ ಉರುಳಿ ನಮ್ಮವ್ವನ ಕಾಲ ಹತ್ತಿರ ಹೋಗಿ ನಿಂತಿತು.

ಬಸ್ಸಿನ ಮೇಲೆ ಹೇರುತ್ತಿದ್ದ ದಿನಗಳಲ್ಲಿ ಜಾಗ ಉಳಿಸಲು ಒಂದು ಡ್ರಮ್ಮಿನೊಳಗೆ ಇನ್ನೊಂದನ್ನು ಇಡುವುದು ನನ್ನ ರೂಢಿಯಾಗಿತ್ತು. ಗೊಟಗೋಡಿಯಲ್ಲಿ ಚೀಲ ತೊಯ್ದದ್ದರಿಂದ ನನ್ನ ಕೈಗಳು ಹಳೆಯ ರೂಢಿಯಂತೆ ಸ್ನೇರನ್ನು ಕೌದಿಯಲ್ಲಿ ಸುತ್ತಿ ಒಳಗಿಟ್ಟು ತಿರುಪು ಬಿಗಿದಿವೆ.

ನಮ್ಮವ್ವ, ಮಂದಿ ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕತಾರಂತ, ನೀ ಹುಡುಕೂದು ಅಷ್ಟ ಅಲ್ಲ, ಮಂದಿ ಮಗನ್ನ ಠಾಣೇಕ ಕಳಿಸಿದಿ ಎಂದಳು. ಕೌದಿ ಝಾಡಿಸಿಕೊಂಡು ಒಳಗೆ ಹೋದಳು. ರಾತ್ರಿ ನನ್ನನ್ನು ಉಣ್ಣಲು ಕರೆಯಲಿಲ್ಲ.

ನಾನು ಆಗಲೇ ಜಾಹೀದನಿಗೆ ಫೋನ್ ಮಾಡಿದೆ. ಸವಣೂರ ಪೇಟೆಯಲ್ಲಿ ಮೈಕ್ ಕಟ್ಟಿಸಿ, ನೂರು ಮಂದಿಯ ನಡುವೆ ಮಂಡಿಯೂರಿ ಕ್ಷಮೆ ಕೇಳುತ್ತೇನೆ ಎಂದೆ. ಅವನು, ಬ್ಯಾಡ ಫಕ್ಕೀರಣ್ಣ, ನೀ ಅಳತಿ, ಮಂದಿ ನಿನಗ ಚಪ್ಪಾಳಿ ಹೊಡಿತೈತಿ, ನಾ ಮತ್ತ ಬಾಜೂಕ ಕಳ್ಳನಂಗ ನಿಂತಿರಬೇಕು ಎಂದು ಹೇಳಿ ಫೋನ್ ಇಟ್ಟನು.

ಗಾಡಿಗೆ ಹೇರುವಾಗ ಪ್ರಶಾಂತನೂ ಇದ್ದನಲ್ಲ, ಅವನ ಹೆಸರು ಯಾಕೆ ಕೊಡಲಿಲ್ಲ ಎಂದು ಹವಾಲ್ದಾರರು ಈಗ ಕೇಳಿದರು. ನಾನು ನೀರು ಕೇಳಿ ಕುಡಿದೆ. ಪ್ರಶಾಂತ ನಮ್ಮವನು, ಅವನ ಹೆಸರು ನನ್ನ ಮನಸ್ಸಿಗೆ ಬರಲೇ ಇಲ್ಲ ಎಂದೆ. ಅವರು ಅಷ್ಟನ್ನೇ ಬರೆದುಕೊಂಡು, ನನ್ನ ಮುಖ ನೋಡಿ, ಪೆನ್ನು ಕೆಳಗಿಟ್ಟರು.

ಜಾಹೀದನ ಗಾಡಿಯನ್ನು ಇಂದೇ ಬಿಡಬೇಕು, ತಪ್ಪು ಫಿರ್ಯಾದು ಕೊಟ್ಟದ್ದಕ್ಕೆ ನನ್ನ ಮೇಲೆ ಏನು ಕ್ರಮ ಇದ್ದರೂ ಒಪ್ಪಿದ್ದೇನೆ. ಬರೆದದ್ದನ್ನು ನನಗೆ ಓದಿ ಹೇಳಿದರು. ಇದರಲ್ಲಿ ನಾಟಕದ ಮಾತು ಮೊದಲ ಸಾಲಿನಲ್ಲಿ ಮಾತ್ರ ಇದೆ, ಉಳಿದದ್ದು ಖರೆ.

ನಾಳೆ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವಾಗ ನಾನು ಪೇಟೆಗೆ ಹೋಗುತ್ತೇನೆ. ಮೊದಲು ಉಸ್ಮಾನಸಾಬರಲ್ಲಿ, ಆಮೇಲೆ ನನ್ನ ದನಿ ಮುಟ್ಟಿದ್ದ ಒಂದೊಂದೇ ಅಂಗಡಿಯ ಹೊಸ್ತಿಲಲ್ಲಿ ನಿಂತು, ಬಾಜೂದವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಜಾಹೀದ ಕಳ್ಳನಲ್ಲ ಎಂದು ಹೇಳುತ್ತೇನೆ. ಅವನ ಹೆಸರೇ ಯಾಕೆ ಬಾಯಿಗೆ ಬಂತು ಎಂದು ಉಸ್ಮಾನಸಾಬರು ಕೇಳಿದರೆ, ನೀರು ಕೇಳುವುದಿಲ್ಲ, ಉತ್ತರ ಹೇಳುತ್ತೇನೆ.

ಸ್ಥಳ: ಸವಣೂರು
ದಿನಾಂಕ: 11-11-2025
ಸಹಿ: ಫಕ್ಕೀರೇಶ ಗು. ಹಿತ್ತಲಮನಿ