ಕಿರುಬೆರಳು

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಅವನು ಎರವಲು ತಂದಿದ್ದ ಹೆಡ್‌ಫೋನ್ ಹಿಂತಿರುಗಿಸಲು ಗಿಟಾರ್ ಅಂಗಡಿಗೆ ಹೋದೆ. ಅಂಗಡಿಯವರು ಒಳಗೆ ತಂತಿ ಬಿಗಿಯುತ್ತಿದ್ದರು. ಬೆಂಚಿನ ಮೇಲೆ ಒಬ್ಬ ಅಕ್ಕ, ತಮ್ಮ. ಅವರ ಮುಂದೆ ಹಳೆಯ ರಾಕ್ ಹಾಡೊಂದರ ಟ್ಯಾಬ್: ಆರು ತಂತಿಗೆ ಆರು ಗೆರೆ, ಎಲ್ಲಿ ಒತ್ತಬೇಕೆಂಬ ಅಂಕಿಗಳು. ಕೈಬರಹ ನನ್ನ ಗಂಡನದು; ಹಾಡು ಕೇಳಿ ಈ ಅಂಗಡಿಗೆ ಹೀಗೆ ಬರೆದುಕೊಡುತ್ತಿದ್ದ.

“ಇದು ತಪ್ಪು ಕಣಕ್ಕ. ಕಿರುಬೆರಳು ಚಾಚೋ ಕಡೆಯೆಲ್ಲ ಈ ಮನುಷ್ಯ ಪಕ್ಕದ ತಂತಿಗೆ ಹೋಗಿದ್ದಾರೆ.”

“ಸ್ವರ ಅದೇ ತಾನೇ?”

“ಅದೇ. ಆದ್ರೂ ಸುತ್ತುದಾರಿ. ಶುದ್ಧ ಸೋಮಾರಿ.”

“ಸುತ್ತಿ ಹೋಗೋರು ಸೋಮಾರಿ ಹೇಗಾಗ್ತಾರೋ ಪೆದ್ದ? ಆ ಬೆರಳಿಗೇನೋ ಆಗಿರ್ಬೇಕು.”

“ಪೆನ್ ಕೊಡು, ಸರಿ ಮಾಡ್ತೀನಿ.”

“ಮುಟ್ಟಿದ್ರೆ ನೋಡು! ನನ್ನ ಗಿಡ್ಡ ಬೆರಳಿಗೆ ಇದೇ ಸಲೀಸು. ಎಷ್ಟು ವರ್ಷದಿಂದ ಒದ್ದಾಡಿದ್ದೀನಿ, ಇವತ್ತೇ ಕೈಗೆ ಬಂದಿದ್ದು.”

“ಸರಿ ಮಾರಾಯ್ತಿ, ಹಾಗೇ ಇರ್ಲಿ.”

“ರಜೆ ದಿನ ಎಲ್ಲರೂ ಸೇರಿ ಹಾಡೋ ಹಾಡನ್ನೂ ಇವರ ಹತ್ರಾನೇ ಬರೆಸೋಣ ಕಣೋ.”

ಟ್ಯಾಬ್ ಮಡಚಿಟ್ಟುಕೊಂಡು ಇಬ್ಬರೂ ಹೊರಟರು. ಅಂಗಡಿಯವರು ಬಂದಾಗ ಹೆಡ್‌ಫೋನನ್ನು ಅವರ ಕೈಗಿತ್ತೆ.

“ಅವನ ಕಿರುಬೆರಳು ಮಡಚ್ತಿರಲಿಲ್ಲ,” ಎಂದೆ.